ಕೋಟು ನೋಡಿದ್ದಕ್ಕೆ ಶುಲ್ಕ

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅಕ್ಕನ ಬಾಯಿಗೆ ಹೆದರದವರಿಲ್ಲ. ಹೆದರದೆ ಉಳಿದದ್ದು ಒಂದೇ, ಸಂಬಳದ ಹೊಸ ಕಾರ್ಡು.

ಇಷ್ಟು ವರ್ಷ ಕೈಗೆ ನೋಟು ಕೊಡುತ್ತಿದ್ದ ಮಾಲೀಕರು ಈ ತಿಂಗಳು ಎಲ್ಲರಿಗೂ ನುಣ್ಣನೆಯ ಕಾರ್ಡು ಹಂಚಿ, ಸಂಬಳ ಇದರೊಳಗಿದೆ ಎಂದಿದ್ದರು. ಅಕ್ಕ ಎಟಿಎಂ ಮೆಷಿನ್ನಿನ ಮುಂದೆ ನಿಂತು ಎಷ್ಟಿದೆ ಎಂದು ನೋಡಿದಳು. ನೋಡಿದ್ದಕ್ಕೆ ಶುಲ್ಕ ಮುರಿದುಕೊಂಡಿತು. ಪೂರ್ತಿ ಸಂಬಳ ಕೊಡು ಎಂದು ಒತ್ತಿದಳು. ಶುಲ್ಕ ಹೋದ ಮೇಲೆ ಪೂರ್ತಿ ಎಲ್ಲಿಂದ ಬರಬೇಕು? ಕೊಡಲ್ಲ ಎಂದಿತು. ಕೊಡಲ್ಲ ಎಂದದ್ದಕ್ಕೂ ಶುಲ್ಕ ಮುರಿದುಕೊಂಡಿತು! ಕೊನೆಗೆ ಕೈಗೆ ಬಂದದ್ದು ಅತ್ತೆಯ ಹಲ್ಲಿನ ಸೆಟ್ಟಿಗೆ ಸಾಲಲಿಲ್ಲ. ಸೆಟ್ಟು ತಯಾರಾಗಿ ಡಾಕ್ಟರ ಕಪಾಟಿನಲ್ಲಿ ಕೂತಿತ್ತು. ಅತ್ತೆ ಮನೆಯಲ್ಲಿ ಎಲ್ಲವನ್ನೂ ಕಿವುಚಿ ನುಂಗುತ್ತಾ ಕೂತಿದ್ದರು.

ಅಕ್ಕನಿಗೆ ಮೈಯೆಲ್ಲಾ ಉರಿಯಿತು. ಬೆವರು ಸುರಿಸಿದ್ದು ತಾನು, ಬಾಯಿ ಹಾಕಿದ್ದು ಯಾವುದೋ ಡಬ್ಬ.

ಮರುದಿನ ಸಂಜೆ ಮಾಲೀಕರು ಓಡೋಡಿ ಬಂದರು. ವ್ಯಾಪಾರಿಗಳ ಸಂಘದಲ್ಲಿ ಅವರಿಗೆ ಸನ್ಮಾನವಂತೆ, ಹೊರಗೆ ಕಾರು ನಿಂತಿತ್ತು.

"ನನ್ನ ಕೋಟು ಆಯ್ತೇನಮ್ಮಾ?"

"ಆಗಿದೆ ಸಾರ್. ಅಗೋ, ನೋಡಿ."

ಅಕ್ಕನ ಬೆನ್ನ ಹಿಂದೆ ನೇತಾಡುತ್ತಿದ್ದ ಕೋಟನ್ನು ಮಾಲೀಕರು ನೋಡಿದರು.

"ನೋಡಿದ್ರಲ್ಲ, ಅದಕ್ಕೊಂದು ಶುಲ್ಕ."

ಮಾಲೀಕರು ನಕ್ಕು ಕೈ ಚಾಚಿದರು. "ತಮಾಷೆ ಸಾಕು, ಕೊಡು."

"ಕೊಡಲ್ಲ ಸಾರ್. ಕೊಡಲ್ಲ ಅಂದಿದ್ದಕ್ಕೆ ಇನ್ನೊಂದು ಶುಲ್ಕ."

ಒಗೆಯುವವರು, ಮಡಿಸುವವರು ಕಿವಿ ನೆಟ್ಟಗೆ ಮಾಡಿದರು. ಯಾರೋ ಕಿಸಕ್ಕೆಂದರು.

"ಕೋಟು ನನ್ನದು ಕಣಮ್ಮಾ!"

"ಸಂಬಳ ನನ್ನದಲ್ವಾ ಸಾರ್?"

ಮಾಲೀಕರು ಗಡಿಯಾರ ನೋಡಿಕೊಂಡರು. ಪರ್ಸು ತೆಗೆದು, ದನಿ ತಗ್ಗಿಸಿ, ಮೇಜಿನ ಮೇಲೆ ನೋಟು ಇಟ್ಟರು. "ಕಡಿಮೆ ಬಿದ್ದಿದ್ದನ್ನ ಇಟ್ಕೋ. ಯಾರಿಗೂ ಹೇಳ್ಬೇಡ."

ಅಕ್ಕನ ಕಣ್ಣ ಮುಂದೆ ಅತ್ತೆಯ ಬೋಳು ವಸಡು ಬಂತು. ಕೈ ಮುಂದೆ ಹೋಯಿತು ಕೂಡ. ಅಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಬಟ್ಟೆ ಮಡಿಸುವ, ತನ್ನಂತೆಯೇ ಶುಲ್ಕ ಕಳೆದುಕೊಂಡಿದ್ದ ಮುದುಕಿ ಕಣ್ಣಿಗೆ ಬಿದ್ದಳು. ಅವಳು ಬೇರೆ ಕಡೆ ನೋಡುತ್ತಿದ್ದಳು, ಬೇಕೆಂದೇ. ಅಕ್ಕನಿಗೆ ನಾಚಿಕೆಯಾಯಿತು.

"ಇವರೆಲ್ಲರದ್ದೂ ಕೊಡಿ," ಎಂದು ನೋಟನ್ನು ವಾಪಸ್ ತಳ್ಳಿದಳು. "ಮುಂದಿನ ತಿಂಗಳಿಂದ ನೋಟೇ ಕೊಡ್ತೀನಿ ಅಂತ ಎಲ್ಲರ ಮುಂದೆ ಹೇಳಿ."

"ಕೆಲಸದಿಂದ ತೆಗೀತೀನಿ!"

"ತೆಗೀರಿ. ನಾಳೆ ಇಸ್ತ್ರಿ ನೀವೇ ಮಾಡೋರಂತೆ."

ಅವಳು ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿದಳು. ಪಕ್ಕದವನೂ ಆರಿಸಿದ. ಒಗೆಯುವ ಮೆಷಿನ್ನುಗಳು ಒಂದೊಂದಾಗಿ ಗಪ್‌ಚಿಪ್ಪಾದವು. ಆ ನಿಶ್ಶಬ್ದದಲ್ಲಿ ಕಾರಿನ ಹಾರ್ನು ಬಡಿದುಕೊಳ್ಳುತ್ತಲೇ ಇತ್ತು. ಮಾಲೀಕರು ಹಲ್ಲು ಕಡಿಯುತ್ತಾ ಕೇಳಿದ್ದಕ್ಕೆಲ್ಲ ಹೂಂ ಎಂದು, ಗುಮಾಸ್ತನನ್ನು ಕರೆದು ಗಲ್ಲಾಪೆಟ್ಟಿಗೆ ತೆಗೆಸಿದರು.

ಎರಡು ದಿನ ಬಿಟ್ಟು ಅತ್ತೆ ಹೊಸ ಹಲ್ಲು ಹಾಕಿಕೊಂಡು, ಬಾಯಿ ಆಡಿಸಿ ನೋಡಿದರು.

"ಗಟ್ಟಿ ಇದೆಯೋ ಇಲ್ವೋ ನೋಡೋಣ, ಕಚ್ಚೋಕೆ ಏನಾದ್ರೂ ಕೊಡೇ."

ಅಕ್ಕ ಕೈಚೀಲದಿಂದ ಕಾರ್ಡು ತೆಗೆದು ಕೊಟ್ಟಳು.