ಎರಡು ಕಾಲಿನ ಕ್ಯಾರೆಟ್

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಂಡೆ. ಆದರೆ ಆ ಆರು ಡಬ್ಬಿಗಳನ್ನು ಅಂಗಳದಲ್ಲಿ ಇಳಿಸಿದಾಗ ಬಂದದ್ದು ಕೋಪ ಅಲ್ಲ, ನಗು. ಮೊಣಕಾಲೆತ್ತರದ ಯಂತ್ರಗಳು. ಸೈಕಲ್ಲಿಗಿರುವಂಥ ನಾಲ್ಕು ಚಕ್ರ, ನೆತ್ತಿ ಮೇಲೆ ಸೋಲಾರ್ ಹಲಗೆ, ಹೊಟ್ಟೆಯಡಿ ಕ್ಯಾಮೆರಾ. ತಾವೇ ಓಡಾಡಿ ಬಿತ್ತುತ್ತವಂತೆ, ತಾವೇ ಕಳೆ ಗುರುತು ಹಿಡಿದು ಕೀಳುತ್ತವಂತೆ.

"ಇದೇನಕ್ಕ, ಆಟದ ಸಾಮಾನು ತರಿಸಿದ್ದೀಯ?" ಅಂದೆ.

ಅಕ್ಕ ನಗಲಿಲ್ಲ. ಹೊಲ ಅವಳದು, ಮಾತು ಕಮ್ಮಿ. ಟ್ರ್ಯಾಕ್ಟರೂ ಅವಳದೇ ಅನ್ನಿ, ಆದರೆ ಇಪ್ಪತ್ತೆರಡು ವರ್ಷದಿಂದ ಅದರ ಸೀಟಿನ ಮೇಲೆ ಕೂತವನು ನಾನು. ಮೊದಲು ಒಂದು ಸಣ್ಣದಿತ್ತು. ಆಮೇಲೆ ಅದಕ್ಕಿಂತ ದೊಡ್ಡದು ಬಂತು. ಈಗಿರುವುದು ಎಲ್ಲಕ್ಕಿಂತ ದೊಡ್ಡದು, ಹಿಂದಿನ ಚಕ್ರ ನನ್ನ ಹೆಗಲಿಗೆ ಬರುತ್ತದೆ. ನಾನು ಅದನ್ನು ಯಜಮಾನ ಅಂತ ಕರೆಯುತ್ತೇನೆ.

ಡಬ್ಬಿಗಳ ಜೊತೆ ಅವುಗಳನ್ನು ನೋಡಿಕೊಳ್ಳುವ ಹುಡುಗಿಯೊಬ್ಬಳು ಬಂದಿದ್ದಳು. ಮುಖದ ಅರ್ಧ ಕನ್ನಡಕವೇ ಇತ್ತು, ಹಾಗಾಗಿ ಅವಳಿಗೆ ಕನ್ನಡಕ ಅಂತಲೇ ಹೆಸರಾಯಿತು. ಅವಳು ಮೊದಲ ದಿನವೇ ಕೆಳಗಿನ ಹೊಲಕ್ಕೆ ಹೋಗಿ ಒಂದು ಕಬ್ಬಿಣದ ಸಲಾಕೆ ಚುಚ್ಚಿದಳು. ಒಂದು ಗೇಣು ಇಳಿಯಿತು, ನಿಂತಿತು. ಅವಳು ಮೈಭಾರವೆಲ್ಲ ಹಾಕಿದರೂ ಮುಂದೆ ಹೋಗಲಿಲ್ಲ.

"ಅಣ್ಣ, ಇಲ್ಲಿ ಕ್ಯಾರೆಟ್ ಹೆಂಗ್ ಬರುತ್ತೆ?"

ಹೆಂಗೆ ಬರುತ್ತೆ ಅಂತ ಊರಿಗೆಲ್ಲ ಗೊತ್ತು. ಕೆಳಗಿನ ಹೊಲದ ಕ್ಯಾರೆಟ್‌ಗೆ ಎರಡು ಕಾಲು. ಒಮ್ಮೊಮ್ಮೆ ಮೂರು. ಗೇಣು ಇಳಿದು, ಕವಲೊಡೆದು, ಮುರುಟಿಕೊಂಡು ಕೂತಿರುತ್ತಿದ್ದವು. ಮಾರುಕಟ್ಟೆಯಲ್ಲಿ ಚೀಲ ಬಿಚ್ಚಿದರೆ ಇವಕ್ಕೆ ಪ್ಯಾಂಟು ಹಾಕಿಸಿಕೊಂಡು ಬನ್ನಿ ಅಂತ ಗೇಲಿ ಮಾಡುತ್ತಿದ್ದರು. ಕೊನೆಗೆ ಎಲ್ಲ ದನದ ಪಾಲಾಗುತ್ತಿತ್ತು. ನಾನು ಪ್ರತಿ ವರ್ಷ ಬೀಜದಂಗಡಿಯವನ ಹತ್ತಿರ ಹೋಗಿ ಬಾಯಿಗೆ ಬಂದಂತೆ ಬೈದು ಬರುತ್ತಿದ್ದೆ. ಪಾಪ, ಅವನು ಪ್ರತಿ ವರ್ಷ ಬೇರೆ ಬೀಜ ಕೊಡುತ್ತಿದ್ದ.

"ಬೀಜ ಸರಿ ಇಲ್ಲ," ಅಂದೆ.

"ಬೀಜ ಅಲ್ಲಣ್ಣ, ತೂಕ. ಟ್ರ್ಯಾಕ್ಟರ್ ಓಡಿ ಓಡಿ ಕೆಳಗೆ ಮಣ್ಣು ಸಿಮೆಂಟ್ ಆಗಿದೆ."

ನನ್ನ ಮೈಯೆಲ್ಲ ಉರಿದುಹೋಯಿತು. ನಿನ್ನೆ ಮೊನ್ನೆ ಬಂದವಳು! "ನೀನು ಹುಟ್ಟೋ ಮುಂಚಿನಿಂದ ಉಳ್ತಾ ಇದ್ದೀನಮ್ಮ ನಾನು," ಅಂದೆ. ಅವಳು ಸಲಾಕೆಯ ಮಣ್ಣು ಒರೆಸಿಕೊಂಡು ಹೊರಟಳು.

ಅವತ್ತು ಸಂಜೆ ಅಕ್ಕ ತೀರ್ಮಾನ ಹೇಳಿದಳು. "ಯಜಮಾನನಿಗೆ ಆಳದ ಕೊಕ್ಕೆ ಕಟ್ಟಿ, ಅಡಿಯ ಗಟ್ಟಿ ಮಣ್ಣು ಒಡೆಯೋ ಹಾಗೆ ಕೆಳಗಿನ ಹೊಲಾನ ಒಂದೇ ಒಂದು ಸಲ ಕೊರೆದುಬಿಡು. ಆಮೇಲೆ ಅಲ್ಲಿ ಚಕ್ರ ಇಳಿಸ್ಬೇಡ. ಉಳಿದಿದ್ದೆಲ್ಲ ಡಬ್ಬಿಗಳು ಮಾಡ್ಲಿ. ಕ್ಯಾರೆಟ್ ನೆಟ್ಟಗೆ ಬಂದ್ರೆ ಯಜಮಾನನ್ನ ಮಾರ್ತೀನಿ. ಬರದಿದ್ರೆ ಡಬ್ಬಿಗಳನ್ನ ವಾಪಸ್ ಕಳಿಸ್ತೀನಿ."

"ಮಾರಿದ್ರೆ ನಾನೇನು ಮಾಡ್ಲಿ?"

"ಹೊಲದಲ್ಲಿ ಕೆಲ್ಸಕ್ಕೇನು ಬರ ಕಣೋ?"

ಅವಳಿಗೇನು ಗೊತ್ತು! ಯಜಮಾನನ ಮೇಲೆ ಕೂತರೆ ನಾನೊಬ್ಬ ಮನುಷ್ಯ. ಕೆಳಗಿಳಿದರೆ ಅಕ್ಕನ ಮನೆಯಲ್ಲಿ ಉಣ್ಣುವ ತಮ್ಮ, ಅಷ್ಟೇ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ, ಅವತ್ತು ಅನ್ನ ಸೇರಲಿಲ್ಲ.

ಕೊರೆದೆ. ಬೇಕಂತಲೇ ಅರೆಬರೆ ಮಾಡಲಿಲ್ಲ, ಕೆಲಸದಲ್ಲಿ ಮೋಸ ನನಗೆ ಬರುವುದಿಲ್ಲ. ಡಬ್ಬಿಗಳು ಸಾಲಾಗಿ ಇಳಿದು ಮೂರು ದಿನ ಬಿತ್ತಿದವು. ನಾನು ಬೇಲಿಗೊರಗಿ ನೋಡುತ್ತಿದ್ದೆ. ಸದ್ದಿಲ್ಲ, ಹೊಗೆಯಿಲ್ಲ. ನನ್ನ ಕಣ್ಣಿಗೆ ಅದು ಕೆಲಸದಂತೆಯೇ ಕಾಣಲಿಲ್ಲ.

ನಾಲ್ಕನೇ ದಿನ ಮಳೆ ಹೊಯ್ಯಿತು. ಅಕ್ಕ ಹಲ್ಲು ತೋರಿಸಲು ಪೇಟೆಗೆ ಹೋಗಿದ್ದಳು, ಕನ್ನಡಕ ಯಾವುದೋ ಬಿಡಿಭಾಗ ತರಲು ಅವಳ ಜೊತೆಗೇ ಹೋಗಿದ್ದಳು. ಮಧ್ಯಾಹ್ನ ನೋಡುತ್ತೇನೆ, ಕಳೆ ನೋಡಲು ಇಳಿದಿದ್ದ ಒಂದು ಡಬ್ಬಿ ಹೊಲದ ನಟ್ಟನಡುವೆ ಕೆಸರಿನಲ್ಲಿ ಹೂತು ಕೂತಿದೆ. ಯಾವಾಗಲೂ ಹಸಿರಾಗಿರುವ ಅದರ ದೀಪ ಕೆಂಪಾಗಿ ಕಣ್ಣು ಮಿಟುಕಿಸುತ್ತಿದೆ. ಮೊದಲು, ಹಿಂಗೇ ಆಗ್ಬೇಕು ನಿನಗೆ ಅನ್ನಿಸಿತು. ಆಮೇಲೆ ಅಯ್ಯೋ ಅನ್ನಿಸಿತು, ಸೆಗಣಿಯಲ್ಲಿ ಸಿಕ್ಕಿಬಿದ್ದ ಕೋಳಿಮರಿ ಥರ ಒದ್ದಾಡುತ್ತಿತ್ತು.

ನಾನು ಹೋಗಿ ಯಜಮಾನನನ್ನು ಸ್ಟಾರ್ಟ್ ಮಾಡಿದೆ.

ಡಬ್ಬಿ ಎಷ್ಟು ಭಾರ? ತುಂಬಿದ ಗ್ಯಾಸ್ ಸಿಲಿಂಡರಿನಷ್ಟು. ಗೇಟಿನಿಂದ ಎಷ್ಟು ದೂರ? ಒಂದು ಬೀಡಿ ಸೇದಿ ಮುಗಿಯುವಷ್ಟು ನಡಿಗೆ. ಆದರೆ ಸಿಕ್ಕಿಬಿದ್ದದ್ದನ್ನು ಎಳೆಯಬೇಕು ಅಂದರೆ ನನ್ನ ಕೈ ತಾನಾಗಿ ಕೀಲಿಗೆ ಹೋಗುತ್ತದೆ. ಗೇಟಿನಿಂದ ನೆಟ್ಟಗೆ ನಡುವಿಗೆ ಹೋದೆ, ಹಗ್ಗ ಬಿಗಿದೆ, ಎಳೆದುಕೊಂಡು ಅದೇ ಜಾಡಿನಲ್ಲಿ ಹಿಂದಕ್ಕೆ ಬಂದೆ. ಇಳಿದು ತಿರುಗಿ ನೋಡಿದೆ. ಹಸಿ ಮಣ್ಣಿನಲ್ಲಿ ಎರಡು ಕಾಲುವೆ. ಚಕ್ರ ಇಳಿಸ್ಬೇಡ ಅಂದಿದ್ದಳಲ್ಲ ಅಕ್ಕ!

ಮಾರನೇ ದಿನವೂ ಅವರು ಬರಲಿಲ್ಲ, ಹಲ್ಲು ಕೀಳಿಸಬೇಕಾಯಿತಂತೆ. ನಾನು ಮಣ್ಣು ಆರಿದ ಮೇಲೆ ಸಲಿಕೆಯಿಂದ ಕಾಲುವೆ ಮುಚ್ಚಿ, ಹಲ್ಲುಕುಂಟೆ ಎಳೆದು ಸಮ ಮಾಡಿ, ದಾರ ಹಿಡಿದು, ಮಂಡಿಯೂರಿ ಬೆರಳಲ್ಲಿ ಗೀರು ಎಳೆದು ಮತ್ತೆ ಬೀಜ ಉದುರಿಸಿದೆ. ಸೊಂಟ ಬಿದ್ದುಹೋಯಿತು. ಯಾರಿಗೂ ಹೇಳಲಿಲ್ಲ.

ಸಸಿ ಎಲ್ಲ ಕಡೆ ಒಂದೇ ಸಮ ಬಂತು. ಸೊಪ್ಪು ನೋಡಿದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ನಾನೂ ಮರೆತೆ.

ಕೀಳುವ ದಿನ ಬೆಳಿಗ್ಗೆ ಮೂವರೂ ಗೇಟಿನ ಹತ್ತಿರ ನಿಂತಿದ್ದೆವು. ಅಕ್ಕ ಸೆರಗು ಸಿಕ್ಕಿಸಿಕೊಂಡು, ಗೇಟು ದಾಟಿ ಎರಡು ಹೆಜ್ಜೆ ಇಟ್ಟು, ಬಗ್ಗಿ ಒಂದು ಕಿತ್ತಳು. ಎರಡು ಕಾಲು. ಇನ್ನೊಂದು ಕಿತ್ತಳು. ಮೂರು ಕಾಲು, ಒಂದರ ಮೇಲೊಂದು ಹಾಕಿಕೊಂಡಿತ್ತು. ಅದೇ ಸಾಲಿನಲ್ಲಿ ಮುಂದೆ ಹೋಗಿ ಇನ್ನೂ ನಾಲ್ಕು ಕಿತ್ತಳು, ಎಲ್ಲ ಅದೇ ಪಾಡು.

ಕನ್ನಡಕದ ಮುಖ ಸಪ್ಪೆಯಾಯಿತು. "ಹಿಂಗಾಗ್ಬಾರ್ದಿತ್ತಲ್ಲ ಅಕ್ಕ..." ಅಂದಳು.

ಅಕ್ಕ ಕೈಯ ಮಣ್ಣು ಕೊಡವಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. "ಹೋಗ್ಲಿ ಬಿಡಮ್ಮ. ತಪ್ಪು ತೂಕದ್ದಲ್ಲ, ನನ್ನ ತಮ್ಮ ಹೇಳಿದ್ದೇ ಸರಿ. ಈ ಹೊಲದ ಹಣೆಬರಹವೇ ಇಷ್ಟು. ನಾಳೆ ಡಬ್ಬಿಗಳನ್ನ ಲಾರಿಗೆ ಹಾಕಿಸ್ತೀನಿ." ನನ್ನ ಕಡೆ ತಿರುಗಿ, "ನಿನ್ನ ಯಜಮಾನ ಉಳಿದ ಕಣೋ," ಅಂದಳು.

ಗೆದ್ದೆ! ಹಾಲು ಕುಡಿದಷ್ಟು ಸಂತೋಷ ಆಗಬೇಕಿತ್ತು. ಆಗಲಿಲ್ಲ. ಅಕ್ಕ ನಿಂತಿದ್ದ ಜಾಗ ನನಗೆ ಗೊತ್ತಿತ್ತು. ಅಲ್ಲೇ ದಾರ ಹಿಡಿದು ಮಂಡಿಯೂರಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಇಬ್ಬರೂ ಗೇಟಿನ ಕಡೆ ಹೊರಟೂ ಆಗಿತ್ತು.

"ಅಕ್ಕ," ಅಂದೆ. "ಎರಡು ಮೊಳ ಆಚೆ ಕಿತ್ತು ನೋಡು."

ಅವಳು ನನ್ನ ಮುಖ ನೋಡಿದಳು. ಹೋದಳು, ಬಗ್ಗಿದಳು, ಎಳೆದಳು. ಬಂತು, ಬರುತ್ತಲೇ ಇತ್ತು, ಮೊಣಕೈ ಉದ್ದದ ಕ್ಯಾರೆಟ್, ನೆಟ್ಟಗೆ. ಮತ್ತೊಂದು, ಮತ್ತೊಂದು. ಕನ್ನಡಕ ಅಷ್ಟು ಹೊತ್ತಿಗೆ ಓಡಾಡಿ ಅಲ್ಲಿ ಇಲ್ಲಿ ಕಿತ್ತು ನೋಡುತ್ತಿದ್ದಳು. ಹೊಲವೆಲ್ಲ ನೆಟ್ಟಗೆ. ಗೇಟಿನಿಂದ ನಡುವಿನವರೆಗೆ ಎರಡೇ ಎರಡು ಪಟ್ಟಿ ಮಾತ್ರ ಸೊಟ್ಟ. ಒಂದೊಂದು ಪಟ್ಟಿಯೂ ಯಜಮಾನನ ಚಕ್ರದಷ್ಟೇ ಅಗಲ.

ಅಕ್ಕನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಯಾವತ್ತು?" ಅಂದಳು.

"ನಿನ್ನ ಹಲ್ಲು ಕಿತ್ತ ದಿನದ ಹಿಂದಿನ ದಿನ. ಡಬ್ಬಿ ಸಿಕ್ಕಿಬಿದ್ದಿತ್ತು."

"ನಡ್ಕೊಂಡು ಹೋಗಿ ಎತ್ಕೊಂಡು ಬರೋಕೇನಾಗಿತ್ತು?"

"ಹೊಳೀಲೇ ಇಲ್ಲ ಅಕ್ಕ." ನಿಜವಾಗಿ ಹೊಳೆದಿರಲಿಲ್ಲ. ಒಂದೇ ಸಲ ಹೋಗಿ ಬಂದದ್ದಕ್ಕೆ ಇಷ್ಟಾದರೆ, ಇಪ್ಪತ್ತೆರಡು ವರ್ಷ! ಬೀಜದಂಗಡಿಯವನ ಮುಖ ಕಣ್ಣ ಮುಂದೆ ಬಂತು. ಅಲ್ಲೇ ಬದುವಿನ ಮೇಲೆ ಕುಕ್ಕರಿಸಿ ಅತ್ತುಬಿಟ್ಟೆ. ಅಕ್ಕ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಒಂದು ನೆಟ್ಟಗಿನ ಕ್ಯಾರೆಟ್ ಸೆರಗಲ್ಲಿ ಒರೆಸಿ ನನ್ನ ಕೈಗಿಟ್ಟಳು. ತಿಂದೆ. ಸಿಹಿಯಾಗಿತ್ತು.

ಬೀಜದಂಗಡಿಗೂ ಒಂದು ಚೀಲ ಒಯ್ದು ಕೊಟ್ಟೆ. "ಈ ಸಲ ಯಾಕಣ್ಣ ಬೈತಾ ಇಲ್ಲ?" ಅಂದ ಅವನು, ಚೀಲ ಬಿಚ್ಚಲೂ ಹೆದರಿಕೊಂಡು.

ಯಜಮಾನನನ್ನು ಕೊಂಡವರು ಹತ್ತನೇ ದಿನ ದೊಡ್ಡ ಲಾರಿ ತಂದರು. ಕೀಲಿ ನಾನೇ ಕೊಟ್ಟೆ. ಕೊಡುವ ಮುಂಚೆ ಸೀಟನ್ನು ಒಂದು ಸಲ ಒರೆಸಿದೆ, ಸುಳ್ಳು ಹೇಳುವುದಿಲ್ಲ. ಲಾರಿಯವನು ತಿರುಗಿಸಲು ಜಾಗ ಸಾಲದೆ ಹಿಂದಕ್ಕೆ ಬರುತ್ತಾ ಬರುತ್ತಾ, ಗೇಟು ತೆರೆದಿದ್ದ ಕೆಳಗಿನ ಹೊಲದ ಕಡೆಗೇ ಬಂದ.

ನಾನು ಚಪ್ಪಲಿ ಬಿಟ್ಟು ಓಡಿ ಹೋಗಿ ಲಾರಿಯ ಹಿಂದೆ ಎರಡೂ ಕೈ ಅಗಲಿಸಿ ನಿಂತೆ. "ಏಯ್! ಹೊಲಕ್ಕೆ ಚಕ್ರ ಇಳಿಸ್ಬೇಡ್ವೋ!"

ಅಂಗಳದಲ್ಲಿದ್ದ ಅಕ್ಕ ಹೊಸ ಹಲ್ಲು ಕಾಣುವ ಹಾಗೆ ನಕ್ಕಳು. ಲಾರಿಯವನು ನಿಲ್ಲಿಸಿ, ತಲೆ ಹೊರಗೆ ಹಾಕಿ, "ಮತ್ತೆ ಟ್ರ್ಯಾಕ್ಟರ್ ಹತ್ರ ಹೆಂಗ್ ಬರ್ಲಿ ಸ್ವಾಮಿ?" ಅಂದ.

"ನಡ್ಕೊಂಡು ಬಾ," ಅಂದೆ. "ಲಾರಿ ಅಲ್ಲೇ ಇರ್ಲಿ. ಕೀಲಿ ಇಸ್ಕೊಂಡು ಯಜಮಾನನ್ನ ನಾನೇ ಓಡಿಸ್ಕೊಂಡು ಬಂದು ಹತ್ತಿಸಿಕೊಡ್ತೀನಿ."