ಬಲಗಡೆಯ ಗಾಲಿ

ಹಳೇ ಗಾಡಿ ಓಡಿಸಿ ಕೆಡುವುದಕ್ಕಿಂತ ನಿಲ್ಲಿಸಿ ಕೆಡುವುದೇ ಜಾಸ್ತಿ. ದಾವಣಗೆರೆಯಲ್ಲಿ ಮೂವತ್ತು ವರ್ಷದಿಂದ ಇದನ್ನು ಬಾಯಿ ನೋಯುವಷ್ಟು ಹೇಳಿದ್ದೇನೆ, ಕೇಳಿದವರು ಕಡಿಮೆ. ಮಳೆಗಾಲ ಬಂತೆಂದರೆ ಗಾಡಿ ತೊಳೆದು, ಹ್ಯಾಂಡ್‌ಬ್ರೇಕ್ ಎಳೆದು, ಮೇಲೊಂದು ತಾಡಪತ್ರಿ ಹೊದಿಸಿ ಮರೆತುಬಿಡುತ್ತಾರೆ. ಒಳಗೆ ಬ್ರೇಕ್ ಡ್ರಮ್ಮಿಗೆ ತುಕ್ಕು ಹಿಡಿದು, ಗಾಲಿ ಹಿಡಿದು ನಿಲ್ಲಿಸುವ ಲೈನಿಂಗ್ ಪಟ್ಟಿ ಅದಕ್ಕೇ ಕಚ್ಚಿಕೊಂಡು ಕೂತಿರುತ್ತದೆ. ಆಮೇಲೆ ಬೈಸಿಕೊಳ್ಳುವವನು ಮೆಕ್ಯಾನಿಕ್ ಚಾಂದ್ ಪಾಷಾ, ಅಂದರೆ ನಾನು.

ಬಕ್ಕೇಶಪ್ಪನವರ ಮೋರಿಸ್ ಮೈನರ್ ಕಾರು ಐವತ್ತಾರನೇ ಇಸವಿಯದು. ತೊಂಬತ್ತೇಳರ ಮಳೆಗಾಲ ಮುಗಿದಾಗ ಅದರ ನಾಲ್ಕೂ ಗಾಲಿ ಹೀಗೇ ಹಿಡಿದುಕೊಂಡಿದ್ದವು. ಮರುವರ್ಷ ಜೂನ್ ಮೊದಲ ವಾರವೇ ನನ್ನನ್ನು ಮನೆಗೆ ಕರೆಸಿದರು. ಅವರ ಮಗ ಮಹಾಂತೇಶನದು ಮಂಡಕ್ಕಿ ವ್ಯಾಪಾರ. ಚೀಲ ಇಡಲಿಕ್ಕೆ ಕಾರಿನ ಶೆಡ್ಡಿನ ಮೇಲೆ ಅವನ ಕಣ್ಣು.

"ನೋಡ್ರಿ ಸಾಬ್ರೆ," ಎಂದ ಮಹಾಂತೇಶ, "ದೀಪಾವಳಿ ಹೊತ್ತಿಗೆ ಈ ಗಾಡಿ ಹರಿಹರಕ್ಕೆ ಹೋಗಿ ಬಂದ್ರೆ ಶೆಡ್ಡು ಅದಕ್ಕೇ ಇರ್ಲಿ. ಈ ಸಲಾನೂ ಗಾಲಿ ಹಿಡೀತೋ, ಮಾರಿಬಿಡಾದು. ಅಪ್ಪಾಜಿ ಒಪ್ಪ್ಯಾರೆ."

ಬಕ್ಕೇಶಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಎಪ್ಪತ್ತೆರಡರ ಮನುಷ್ಯ. ಬೇರೆ ಚಟವಿಲ್ಲ, ಬೇರೆ ಆಸೆಯಿಲ್ಲ. ವಾರಕ್ಕೊಮ್ಮೆ ಕೊಂಡಜ್ಜಿ ಕೆರೆಯ ತನಕ ತಾವೇ ಓಡಿಸಿಕೊಂಡು ಹೋಗಿ ಬರಬೇಕು, ಅಷ್ಟೇ.

"ಮಾತು ಕೊಟ್ಟೀನಿ" ಎಂದರು.

ಹಳೇ ಬ್ರೇಕ್ ಆಯಿಲ್ ಪೂರ್ತಿ ಇಳಿಸಿ ಹೊಸದು ತುಂಬಿಸಿದೆ. ಹಳೆಯದು ಗಾಳಿಯ ತೇವ ಕುಡಿದು ಒಳಗೊಳಗೇ ಸಿಲಿಂಡರ್ ತಿನ್ನುತ್ತದೆ. ಡ್ರಮ್ ಬಿಚ್ಚಿ ಉಜ್ಜಿದೆ. ಹರಿಹರದ ಸೇತುವೆಯ ತನಕ ಹೋಗಿ, ದಾರಿಯುದ್ದಕ್ಕೂ ಬ್ರೇಕ್ ತುಳಿದು, ಬಿಸಿಯಲ್ಲೇ ಒಣಗಿಸಿಕೊಂಡು ಬಂದೆ. ಶೆಡ್ಡಿನಲ್ಲಿ ಮರದ ದಿಮ್ಮಿಗಳ ಮೇಲೆ ಗಾಡಿ ಎತ್ತಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಬಿಟ್ಟೆ. ಗಾಳಿ ಆಡಲಿ ಎಂದು ಗಾಲಿಗಳ ನಡುವಿನ ತಗಡಿನ ಮುಚ್ಚಳ, ನಾಲ್ಕೂ ವೀಲ್‌ಕಪ್ ತೆಗೆದಿಟ್ಟೆ. ಅದರ ಹಿಂದೆ ಡ್ರಮ್ಮಿನಲ್ಲಿ, ಬ್ರೇಕ್ ಬಿಗಿ ಮಾಡಲಿಕ್ಕೆಂದು, ಬೆರಳು ಹೋಗುವಷ್ಟು ತೂತೊಂದು ಇರುತ್ತದೆ.

ಆಮೇಲೆ ಮನೆಮಂದಿಯನ್ನೆಲ್ಲ ನಿಲ್ಲಿಸಿಕೊಂಡು ಹೇಳಿದೆ: "ಇದಕ್ಕೆ ಒಂದು ಹನಿ ನೀರು ಸೋಕಬಾರ್ದು ನೋಡ್ರಿ." ಬಕ್ಕೇಶಪ್ಪನವರ ಹೆಂಡತಿ ಗುರುಶಾಂತಮ್ಮ ಅಂದಿನಿಂದ ಶೆಡ್ಡಿನ ಮುಂದೆ ಅಂಗಳಕ್ಕೆ ನೀರು ಚಿಮುಕಿಸುವುದನ್ನೂ ಬಿಟ್ಟರಂತೆ. ಅಷ್ಟು ಕಟ್ಟುನಿಟ್ಟು.

ಅಕ್ಟೋಬರ್ ಎರಡನೇ ವಾರ ಹೋಗಿ ಗಾಲಿ ತಿರುಗಿಸಿ ನೋಡಿದೆ. ಮೂರು ಸಲೀಸಾಗಿ ತಿರುಗಿದವು. ಮುಂದಿನ ಬಲಗಡೆಯದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಡ್ರಮ್ ಕಿತ್ತೆ. ಒಳಗೆಲ್ಲ ಕೆಂಪು ತುಕ್ಕು. ಲೈನಿಂಗ್ ಮೇಲೆ ಅಂಟು, ಹುಳಿ ವಾಸನೆ. ಡ್ರಮ್ಮಿನ ತೂತಿನ ಅಂಚಿಗೆ ಕುಂಕುಮ, ಎರಡೆಳೆ ತೆಂಗಿನ ನಾರು.

ನನಗೆ ಅರ್ಥವಾಯಿತು. ಅಮಾವಾಸ್ಯೆಗೆ ಗಾಡಿಪೂಜೆ. ಓಡಿಸುವವರು ಕೂರುವ ಬದಿಯ ಗಾಲಿಗೆ ಕಾಯಿ ಒಡೆದು, ಅದರ ನೀರು ಎರೆಯುತ್ತಾರೆ. ನಾಲ್ಕು ಅಮಾವಾಸ್ಯೆ, ನಾಲ್ಕು ಕಾಯಿ. ಗುರುಶಾಂತಮ್ಮನಿಗೆ ಅದು ನೀರೆಂದು ಅನ್ನಿಸಿಯೇ ಇಲ್ಲ, ಅವರ ಪಾಲಿಗೆ ಅದು ತೀರ್ಥ. ಇನ್ನು ವೀಲ್‌ಕಪ್ ತೆಗೆದು ಆ ತೂತಿಗೆ ದಾರಿ ಮಾಡಿಕೊಟ್ಟ ಶಾಣ್ಯಾ ನಾನೇ. ನನ್ನ ಮೇಲೆ ನನಗೇ ಮೈ ಉರಿಯಿತು.

ಮಹಾಂತೇಶ ಬಂದು ಇಣುಕಿದ. "ಹಿಡೀತಲ್ಲ?"

"ಇದೊಂದೇ ಗಾಲಿ. ಎರಡು ದಿನ ಕೊಡ್ರಿ, ತಪ್ಪು ನಂದು."

"ಯಾರದಾದ್ರೂ ಆಗ್ಲಿ ಸಾಬ್ರೆ. ಮಾತು ಹಂಗಿತ್ತು."

ಗುರುಶಾಂತಮ್ಮ ಬಾಗಿಲಲ್ಲಿ ನಿಂತಿದ್ದರು. ಮುಖ ಬಾಡಿತ್ತು. "ಹನಿ ನೀರು ಬಿದ್ದಿಲ್ರಿ, ದೇವರಾಣೆ. ನಾನೇ ಕಾದೀನಿ. ಯಾಕ ಹಿಡೀತು?"

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಕ್ಕೇಶಪ್ಪ ನನ್ನ ಕೈಯಿಂದ ಡ್ರಮ್ ಇಸಕೊಂಡು, ಕುಂಕುಮವಿದ್ದ ಬದಿಯನ್ನು ಎದೆಗೆ ಒತ್ತಿ ಹಿಡಿದರು. ಬಿಳಿ ಅಂಗಿಗೆ ತುಕ್ಕು ಮೆತ್ತಿತು.

"ಗಾಡಿಗೆ ವಯಸ್ಸಾತು ಬಿಡು" ಎಂದು ಹೆಂಡತಿಗೆ ಹೇಳಿದರು. ಮಗನ ಕಡೆ ತಿರುಗಿ, "ಗಿರಾಕಿ ನೋಡಪ್ಪ" ಎಂದರು.

ನನ್ನನ್ನು ಕಳಿಸಲು ಗೇಟಿನ ತನಕ ಬಂದರು. ಅಲ್ಲಿ ಕೇಳಿದೆ: "ನಿಮಗೆ ಗೊತ್ತಿತ್ತಾ ಯಜಮಾನ್ರೆ?"

"ಪ್ರತಿ ಅಮಾಸಿಗೂ ಕಿಟಕಿಯಾಗಿಂದ ನೋಡ್ತಿದ್ದೆ. ತೂತಿನಾಗೆ ಇಳಿಯೋದೂ ಕಾಣ್ತಿತ್ತು. ನಾನು ಹೋದಂಗೆ ತಿರುಗಿ ಮನೆಗೆ ಬರ್ಲಿ ಅಂತ ಆಕೆ ನಲವತ್ತು ವರ್ಷ ಕಾಯಿ ಒಡದಾಳೆ. ಅದರಿಂದ್ಲೇ ಕೆಡ್ತೈತೆ ಅಂತ ಹೆಂಗ್ ಹೇಳ್ಲಿ?"

ಸಿಟ್ಟು, ಸಂಕಟ ಎರಡೂ ಒಟ್ಟಿಗೆ ಬಂದವು. "ನನಗಾದ್ರೂ ಒಂದು ಮಾತು ಹೇಳಬಾರ್ದಿತ್ತಾ? ಬಂದು ವೀಲ್‌ಕಪ್ ಹಾಕಿ ಹೋಗ್ತಿದ್ದೆ."

"ನೀವು ಸುಮ್ಕೆ ಹಾಕಿ ಹೋಗ್ತಿರಲಿಲ್ಲ ಸಾಬ್ರೆ" ಎಂದರು ಬಕ್ಕೇಶಪ್ಪ. "ಆಕೆ ಮುಂದೇ ಬೈತಿದ್ರಿ."

ಸುಳ್ಳಲ್ಲ. ಬೈಯುತ್ತಿದ್ದೆ.