ಶಾಲೆಯ ದಾರಿಯ ಚಿತ್ರ

"ಇದು ನೀವೇ ಆಂಟಿ," ಎಂದು ಮುಂದಿನ ಹಲ್ಲು ಬಿದ್ದ ಹುಡುಗಿ ಕಾಗದದ ಮೇಲೆ ಬೆರಳೂರಿದಳು.

ಆರು ಮಕ್ಕಳು ನೆಲದ ಮೇಲೆ ಕೂತು, ಮನೆಯಿಂದ ಶಾಲೆಗೆ ನಡೆದು ಹೋಗುವ ದಾರಿಯನ್ನು ಬಿಡಿಸುತ್ತಿದ್ದರು. ಯಾವ ತಿರುವಿನಲ್ಲಿ ಹೆದರಿಕೆ, ಎಲ್ಲಿ ಖುಷಿ ಎಂದು ತಿಳಿದರೆ 'ಶಾಲೆಗೆ ನಡೆದೇ ಹೋಗೋಣ' ಪ್ರಚಾರಕ್ಕೆ ಪೋಸ್ಟರು ಮಾಡಬಹುದು. ಅದಕ್ಕೇ ಜಾಹೀರಾತು ಕಂಪನಿಯ ಈ ಕೋಣೆ, ಗೋಡೆಯಗಲದ ಕಪ್ಪು ಗಾಜು, ಗಾಜಿನಾಚೆ ಕೂತು ನೋಡುವ ಮ್ಯಾನೇಜರು. ಮಕ್ಕಳ ಬಾಯಿಗೆ ನಮ್ಮ ಮಾತು ತುರುಕಬಾರದು ಎಂಬುದು ಈ ಕೆಲಸದ ಮೊದಲ ಪಾಠ. ಹೊಸಬರಿಗೆ ಅದನ್ನು ಹೇಳಿಕೊಡುವವಳು, ಈಗ ಮಕ್ಕಳ ನಡುವೆ ಕೂತಿದ್ದ ಈ ಆಂಟಿಯೇ. ಈ ಸಲ ಅವಳ ಮಗಳ ಶಾಲೆಯ ಮಕ್ಕಳೇ, ಮಧ್ಯಾಹ್ನದ ಪಾಠಕ್ಕೆ ರಜೆ ಪಡೆದು, ಬಂದಿದ್ದರು. ಮಗಳನ್ನು ಮಾತ್ರ ಸೇರಿಸುವಂತಿರಲಿಲ್ಲ.

ಅವಳು ನಕ್ಕಳು. "ನಾನೆಲ್ಲಿಂದ ಬಂದ್ನೇ ನಿಮ್ಮ ದಾರಿಗೆ?"

"ದಿನಾ ಗುಬ್ಬಿ ಕೈ ಹಿಡ್ಕೊಂಡು ಬರ್ತೀರಲ್ಲ! ಸಂಜೆನೂ."

ಗುಬ್ಬಿ ಅವಳ ಮಗಳು. ಮಗಳು ಏಳುವ ಮೊದಲೇ ಇವಳು ಬಸ್ಸು ಹತ್ತಿರುತ್ತಾಳೆ. ಮಗುವನ್ನು ಶಾಲೆಗೆ ಬಿಟ್ಟು ಕರೆತರುವುದು ಪಕ್ಕದ ಮನೆಯ ಅಜ್ಜಿ.

ಆಚೆ ಕೂತ ಹುಡುಗನ ಚಿತ್ರದಲ್ಲೂ ಅದೇ ಹೆಂಗಸಿದ್ದಳು. ಅದರಾಚೆಯದರಲ್ಲೂ. ಒಬ್ಬರದನ್ನೊಬ್ಬರು ನೋಡಿ ಬಿಡಿಸಿದರು ಎನ್ನೋಣವೆಂದರೆ, ನಡುವೆ ರಟ್ಟು ನಿಲ್ಲಿಸಿದವಳು ಇವಳೇ. ಎಲ್ಲದರಲ್ಲೂ ಕಾಲಿಗೆ ಹಸಿರು ಬಣ್ಣ.

"ಇದೇನು, ಕಾಲು ಹಸಿರು?"

"ಚಪ್ಪಲಿ. ಪಿನ್ನು ಹಾಕಿದ್ದೀರಲ್ಲ, ಅದು."

ಅದು ಅವಳ ಬಚ್ಚಲ ಚಪ್ಪಲಿ. ಹೊಸ್ತಿಲು ದಾಟಿದ್ದೇ ಇಲ್ಲ.

ಕಿವಿಯೊಳಗಿನ ಯಂತ್ರದಲ್ಲಿ ಮ್ಯಾನೇಜರ ದನಿ ಕುಣಿದಾಡಿತು. "ಕೇಳ್ರೀ, ಇನ್ನೂ ಕೇಳಿ! ಅಮ್ಮನ ಕೈ ಹಿಡಿದ ಮಗು. ಇದೇ ನಮ್ಮ ಪೋಸ್ಟರು!"

ಅವಳು ಎದ್ದು ಹೊರಗೆ ಬಂದು ಅಜ್ಜಿಗೆ ಫೋನು ಮಾಡಿದಳು.

"ಗುಬ್ಬೀನ ಕರ್ಕೊಂಬರೋಕೆ ಹೊರಟ್ರಾ ಅಜ್ಜಿ?"

"ನಾನ್ಯಾಕೆ ಹೊರಡ್ಲಿ? ಮಳೆ ಹಿಡಿದಾಗಿಂದ ನೀನೇ ಕರ್ಕೊಂಡು ಹೋಗ್ತಿದ್ದೀಯಲ್ಲೇ. ನನ್ನ ಮಂಡಿ ಉಳೀತು ಅಂದ್ಕೊಂಡೆ. ವಯಸ್ಸಾಗಿದ್ದು ನಂಗೆ, ಮರೆವು ನಿಂಗಾ?" ಅಜ್ಜಿ ನಕ್ಕಳು; ನಗು ನಿಂತ ಮೇಲೆ ದನಿ ತಗ್ಗಿತು. "ಒಂದ್ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಕೂಗಿದ್ರೆ ತಿರುಗಿನಾದ್ರೂ ನೋಡು ಕಣೇ."

ಇಷ್ಟು ವರ್ಷ ಊರಿಗೆಲ್ಲ ನಡೆಯಿರಿ, ನಡೆಯಿರಿ ಎಂದವಳು ಈಗ ಆಟೋ ಇಳಿದು ಬಿದ್ದಂಬೀಳ ಓಡಿದಳು.

ಶಾಲೆ ಬಿಟ್ಟಾಗಿತ್ತು. ಒದ್ದೆ ರಸ್ತೆಯಲ್ಲಿ, ಗೋಡೆಯ ಬದಿಗೆ, ಗುಬ್ಬಿ ಒಬ್ಬಳೇ ನಡೆಯುತ್ತಿದ್ದಳು. ಸದ್ಯ, ಎಂದು ಅವಳಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಮಗಳ ಎಡಗೈ ಕಂಡಿತು. ಅದು ಭುಜಕ್ಕಿಂತ ಮೇಲಕ್ಕೆ ಎದ್ದಿತ್ತು, ಬೆರಳುಗಳು ಏನನ್ನೋ ಹಿಡಿದಂತೆ ಮಡಚಿಕೊಂಡಿದ್ದವು. ಕತ್ತು ಮೇಲೆ ಮಾಡಿಕೊಂಡು ಏನೋ ಒಂದೇ ಸಮ ಹೇಳುತ್ತಿದ್ದಳು. ಕೆಸರು ನೀರು ಎದುರಾದಾಗ ಕಾಣದ ಯಾವುದೋ ಕೈಗೆ ಜೋತುಬಿದ್ದಂತೆ, ಎರಡೂ ಕಾಲೆತ್ತಿ ತೇಲಿ ದಾಟಿದಳು.

"ಗುಬ್ಬೀ!"

ಮಗು ತಿರುಗಿತು. ಅವಳ ಮುಖ ನೋಡಿತು, ಆಫೀಸಿನ ಬೂಟು ನೋಡಿತು. ಆಮೇಲೆ, ಹೋಗಲೇ ಎಂದು ಕೇಳುವಂತೆ, ಪಕ್ಕಕ್ಕೆ ಕತ್ತೆತ್ತಿ ಮೇಲೆ ನೋಡಿತು.